ವಾರ್ಡ್ ಗಡಿ ಬದಲಾದಾಗ ಆಕ್ಷೇಪಣೆ ಸಲ್ಲಿಸುವುದು ಹೇಗೆ? ಕಾಸರಗೋಡಿನವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಪ್ರತಿ ಸಲವೂ ಇದೇ ಆಗುತ್ತದೆ. ವಾರ್ಡ್ ಪುನರ್ವಿಂಗಡಣೆಯ ಕರಡು ಬರುತ್ತದೆ. ಒಂದು ಓಣಿಯ ಎಡಬದಿ ಒಂದು ವಾರ್ಡಿಗೆ, ಬಲಬದಿ ಇನ್ನೊಂದಕ್ಕೆ ಹೋಗಿರುತ್ತದೆ. ಊರಿನವರು ಸಿಟ್ಟಾಗುತ್ತಾರೆ, ಸಹಿ ಸಂಗ್ರಹಿಸುತ್ತಾರೆ, ಅರ್ಜಿ ಕೊಡುತ್ತಾರೆ. ಕೊನೆಗೆ ಅಂತಿಮ ಅಧಿಸೂಚನೆಯಲ್ಲಿ ಗಡಿ ಇದ್ದ ಹಾಗೇ ಇರುತ್ತದೆ.

ಅರ್ಜಿ ಬಿದ್ದುಹೋಗುವುದು ಬಹಳ ಸಲ ರಾಜಕೀಯದಿಂದಲ್ಲ, ಬರೆದ ರೀತಿಯಿಂದ. "ನಮಗೆ ಅನ್ಯಾಯವಾಗಿದೆ, ಹಳೆಯ ಗಡಿಯನ್ನೇ ಉಳಿಸಿ" ಎಂದು ಬರೆದರೆ ಅದನ್ನು ಓದುವ ಅಧಿಕಾರಿಗೆ ಮಾಡಲು ಏನೂ ಇರುವುದಿಲ್ಲ. ವಾರ್ಡ್ ಗಡಿ ಅಂದರೆ ಒಂದು ಗೆರೆ ಮತ್ತು ಒಂದು ಲೆಕ್ಕ. ಗೆರೆ ಎಲ್ಲಿಂದ ಎಲ್ಲಿಗೆ ಸರಿಯಬೇಕು, ಸರಿದರೆ ಎರಡೂ ವಾರ್ಡಿನ ಲೆಕ್ಕ ಏನಾಗುತ್ತದೆ ಎಂದು ತೋರಿಸಿದ ಅರ್ಜಿಗೆ ಮಾತ್ರ ಉತ್ತರ ಕೊಡಲೇಬೇಕಾಗುತ್ತದೆ. ಈ ಬರಹ ಪೂರ್ತಿ ಅಂಥ ಅರ್ಜಿಯನ್ನು ತಯಾರಿಸುವ ಬಗ್ಗೆ. ಉದಾಹರಣೆಗಳು ಕಾಸರಗೋಡು ನಗರಸಭೆಯವು. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಎಣ್ಮಕಜೆಯಂಥ ಗ್ರಾಮ ಪಂಚಾಯತುಗಳಲ್ಲೂ ದಾರಿ ಹೆಚ್ಚುಕಡಿಮೆ ಇದೇ.

## ಶುರುಮಾಡುವ ಮೊದಲು: ಯಾವ ಗಡಿ, ಯಾರ ಕೈಯಲ್ಲಿ?

ಜಾಸ್ತಿ ಜನ ತಪ್ಪು ಬಾಗಿಲು ತಟ್ಟುವುದು ಇಲ್ಲೇ. ಮಂಜೇಶ್ವರ, ಕಾಸರಗೋಡು, ಉದುಮ ಇವೆಲ್ಲ ವಿಧಾನಸಭಾ ಕ್ಷೇತ್ರಗಳು. ಅವುಗಳ ಗಡಿ ಕೇಂದ್ರದ ಆಯೋಗದ ಕೆಲಸ. ನಗರಸಭೆ ಮತ್ತು ಪಂಚಾಯತಿನ ವಾರ್ಡ್ ಗಡಿ ಹಾಗಲ್ಲ. ಅದನ್ನು ಹಾಕುವುದು ಕೇರಳದ್ದೇ ಆದ ಡಿಲಿಮಿಟೇಶನ್ (ಗಡಿ ವಿಂಗಡಣೆ) ಆಯೋಗ. ರಾಜ್ಯ ಚುನಾವಣಾ ಆಯುಕ್ತರು ಅದರ ಅಧ್ಯಕ್ಷರು, ಸರ್ಕಾರದ ಕಾರ್ಯದರ್ಶಿ ದರ್ಜೆಯ ನಾಲ್ವರು ಅಧಿಕಾರಿಗಳು ಸದಸ್ಯರು. ಪಂಚಾಯತಿಗೆ 1994ರ ಕೇರಳ ಪಂಚಾಯತ್ ರಾಜ್ ಕಾಯ್ದೆ, ನಗರಸಭೆಗೆ 1994ರ ಕೇರಳ ಮುನಿಸಿಪಾಲಿಟಿ ಕಾಯ್ದೆ ಅನ್ವಯ. ಹಾಗಾಗಿ ವಾರ್ಡ್ ಗಡಿಯ ದೂರನ್ನು ಬೂತ್ ಮಟ್ಟದ ಅಧಿಕಾರಿಗೆ ಅಥವಾ ದೆಹಲಿಯ ಚುನಾವಣಾ ಆಯೋಗಕ್ಕೆ ಕೊಟ್ಟರೆ ಅದು ಎಲ್ಲಿಗೂ ಮುಟ್ಟುವುದಿಲ್ಲ.

ಕೆಲಸ ನಡೆಯುವ ಕ್ರಮ ಹೀಗೆ. ಸ್ಥಳೀಯ ಸಂಸ್ಥೆಯ ಕಾರ್ಯದರ್ಶಿ ಗಡಿಯ ಪ್ರಸ್ತಾವ ತಯಾರಿಸುತ್ತಾರೆ. ಜಿಲ್ಲಾಧಿಕಾರಿ ಅದನ್ನು ನೋಡಿ ಆಯೋಗಕ್ಕೆ ಕಳಿಸುತ್ತಾರೆ. ಆಯೋಗ ಕರಡು ಪ್ರಕಟಿಸುತ್ತದೆ. ನಂತರ ಆಕ್ಷೇಪಣೆ, ತನಿಖೆ, ಅಹವಾಲು (ಅರ್ಜಿದಾರರನ್ನು ಕರೆದು ಮಾತು ಕೇಳುವುದು), ಅಂತಿಮ ಅಧಿಸೂಚನೆ. ಇದೆಲ್ಲ ಮುಗಿದ ಮೇಲೆ ಮತದಾರರ ಪಟ್ಟಿ, ಆಮೇಲೆ ಚೀಟಿ ಎತ್ತಿ ಮೀಸಲಾತಿ.

ಬ್ಲಾಕ್ ಮತ್ತು ಜಿಲ್ಲಾ ಪಂಚಾಯತಿನ ಕ್ಷೇತ್ರಗಳನ್ನು ಆಮೇಲೆ ಗ್ರಾಮ ಪಂಚಾಯತಿನ ವಾರ್ಡುಗಳನ್ನೇ ಜೋಡಿಸಿ ಮಾಡುತ್ತಾರೆ. ಗ್ರಾಮ ಮಟ್ಟದಲ್ಲಿ ತಪ್ಪಿದ ಗೆರೆ ಮೇಲಿನವರೆಗೂ ಹೋಗುತ್ತದೆ.

ಇನ್ನೂ ಒಂದು ವಿಷಯ ತಿಳಿದಿರಲಿ. ಒಟ್ಟು ಎಷ್ಟು ವಾರ್ಡ್ ಇರಬೇಕು ಎನ್ನುವುದನ್ನು ಕಾಯ್ದೆಯ ಸೂತ್ರವೇ ಹೇಳುತ್ತದೆ. 2024ರ ತಿದ್ದುಪಡಿಯ ನಂತರ ನಗರಸಭೆಗೆ ಕನಿಷ್ಠ 26, ಗರಿಷ್ಠ 53 ವಾರ್ಡ್. ಗ್ರಾಮ ಪಂಚಾಯತಿಗೆ ಕನಿಷ್ಠ 14, ಗರಿಷ್ಠ 24. ಕಾಸರಗೋಡು ನಗರಸಭೆ 38ರಿಂದ 39 ಆದದ್ದು ಹೀಗೆ. "ನಮ್ಮ ಊರಿಗೆ ಇನ್ನೊಂದು ವಾರ್ಡ್ ಕೊಡಿ" ಎಂಬ ಅರ್ಜಿ ಆಯೋಗದ ಮುಂದೆ ನಿಲ್ಲುವುದಿಲ್ಲ. ಅದು ಶಾಸನಸಭೆಯ ವಿಷಯ.

## ಬೇಕಾಗುವ ಸಾಮಾನು

ಜಾಸ್ತಿ ಏನೂ ಬೇಡ. ಹಳೆಯ ವಾರ್ಡ್ ನಕ್ಷೆ, ಹೊಸ ಕರಡು ನಕ್ಷೆ, ಗಡಿ ವಿವರಣೆಯ ಪುಟಗಳು, ಮನೆ ನಂಬರಿನ ಪಟ್ಟಿ, ಉಪಗ್ರಹ ನಕ್ಷೆ ತೋರಿಸುವ ಒಂದು ಫೋನ್, ಎರಡು ಬಣ್ಣದ ಪೆನ್ನು, ಒಂದು ಕ್ಯಾಲ್ಕುಲೇಟರ್. ಇದರ ಜೊತೆಗೆ ಇಬ್ಬರು ಮನುಷ್ಯರು ಬೇಕು. ಒಬ್ಬರು ಮಲಯಾಳ ಸರಾಗವಾಗಿ ಓದಬಲ್ಲವರು. ಇನ್ನೊಬ್ಬರು ಆ ಪ್ರದೇಶದ ಪ್ರತಿ ಮನೆ ಬಲ್ಲವರು.

ಎರಡನೆಯವರಾಗಿ ಹರಿತ ಕರ್ಮ ಸೇನೆಯವರಿಗಿಂತ ಒಳ್ಳೆಯವರು ಸಿಗುವುದು ಕಷ್ಟ. ಪ್ಲಾಸ್ಟಿಕ್ ಒಟ್ಟು ಮಾಡಲು ಅವರು ಮನೆಮನೆಗೆ ಹೋಗುತ್ತಾರೆ. ಯಾವ ಮನೆಗೆ ಬೀಗ, ಯಾವ ಮನೆಯ ಮಹಡಿಯಲ್ಲಿ ಬೇರೆ ಸಂಸಾರ, ಯಾವ ಗೇಟಿನ ಹಿಂದೆ ಎರಡು ಮನೆ ಎಂದು ಅವರಿಗೆ ಗೊತ್ತು. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಕುಟುಂಬಶ್ರೀಯವರೂ ಆಗಬಹುದು. ಇವರ ಹತ್ತಿರ ಕೇಳುವುದು ಊರಿನ ಬಗ್ಗೆ ಅವರಿಗಿರುವ ತಿಳುವಳಿಕೆಯನ್ನು ಮಾತ್ರ. ಸರ್ಕಾರಿ ದಾಖಲೆಯನ್ನು ಅವರಿಂದ ಕೇಳಬೇಡಿ, ಸುಮ್ನೆ ಅವರನ್ನು ತೊಂದರೆಗೆ ಸಿಕ್ಕಿಸಿದ ಹಾಗಾಗುತ್ತದೆ.

## ಹಂತ 1: ಕರಡು ಬರುವ ಮೊದಲೇ ಲೆಕ್ಕ ತರಿಸಿಕೊಳ್ಳಿ

ಸಮಯದ ವಿಷಯದಲ್ಲಿ ಎಡವುವುದು ಇಲ್ಲಿ. ಹಿಂದಿನ ಸಲ ಕರಡು ಪ್ರಕಟವಾದದ್ದು 2024ರ ನವೆಂಬರ್ 18ರಂದು. ಆಕ್ಷೇಪಣೆಗೆ ಸಿಕ್ಕಿದ್ದು ಎರಡು ವಾರದಷ್ಟು ಸಮಯ. ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರ ಕೊಡಲು ಅಧಿಕಾರಿಗೆ 30 ದಿನ ಇದೆ. ಕರಡು ನೋಡಿದ ಮೇಲೆ ಮಾಹಿತಿ ಕೇಳಿದರೆ, ಉತ್ತರ ಬರುವಾಗ ಬಾಗಿಲು ಮುಚ್ಚಿರುತ್ತದೆ.

ಆಯೋಗ ರಚನೆಯಾದ ಸುದ್ದಿ ಬಂದ ಕೂಡಲೇ ನಗರಸಭೆಯ ಅಥವಾ ಪಂಚಾಯತಿನ ಮಾಹಿತಿ ಅಧಿಕಾರಿಗೆ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕೇಳಬೇಕಾದದ್ದು ಇಷ್ಟು: ಈಗಿನ ಪ್ರತಿ ವಾರ್ಡಿನ ವಾಸದ ಮನೆಗಳ ಸಂಖ್ಯೆ, ಮನೆ ನಂಬರ್ ಶುರುವಾಗುವ ಮತ್ತು ಮುಗಿಯುವ ಜಾಗ, 2011ರ ಜನಗಣತಿಯ ವಾರ್ಡುವಾರು ಜನಸಂಖ್ಯೆ, ಈಗಿನ ವಾರ್ಡ್ ನಕ್ಷೆಯ ಪ್ರತಿ. ಹೊಸ ಜನಗಣತಿಯ ಅಂಕಿ ಬಂದಿದ್ದರೆ ಅದನ್ನೇ ಕೇಳಿ. ಪ್ರಸ್ತಾವ ತಯಾರಾಗುತ್ತಿದ್ದರೆ ಕಡತವನ್ನು ಕಚೇರಿಯಲ್ಲೇ ಕೂತು ನೋಡಲು ಅವಕಾಶ ಕೇಳಿ. ಕಾಯ್ದೆ ಅದನ್ನೂ ಹಕ್ಕು ಎಂದೇ ಹೇಳುತ್ತದೆ.

ಪ್ರಶ್ನೆ ಕೇಳುವಾಗ "ಯಾಕೆ" ಎಂದು ಕೇಳಬೇಡಿ. "ಯಾಕೆ ಹೀಗೆ ಮಾಡಿದಿರಿ" ಎಂದರೆ ಅದು ಮಾಹಿತಿಯಲ್ಲ ಎಂದು ವಾಪಸ್ ಕಳಿಸುತ್ತಾರೆ. "ಇಂಥ ದಾಖಲೆಯ ಪ್ರತಿ ಕೊಡಿ" ಎಂದೇ ಕೇಳಿ.

## ಹಂತ 2: ಕರಡನ್ನು ಕೂತು ಓದಿ

ಕರಡು ಸಂಬಂಧಪಟ್ಟ ನಗರಸಭೆ ಅಥವಾ ಪಂಚಾಯತು ಕಚೇರಿಯಲ್ಲಿ, ವಿದ್ಯಾನಗರದ ಕಲೆಕ್ಟರೇಟಿನಲ್ಲಿ ಮತ್ತು ಆಯೋಗದ ವೆಬ್‌ಸೈಟಿನಲ್ಲಿ ನೋಡಲು ಸಿಗುತ್ತದೆ. ಹಿಂದಿನ ಸಲ ನಕ್ಷೆಗಳನ್ನು ಕ್ಯೂಫೀಲ್ಡ್ ಎಂಬ ಆ್ಯಪ್ ಬಳಸಿ ಡಿಜಿಟಲ್ ಆಗಿ ತಯಾರಿಸಿದ್ದರು. ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಮಸುಕಾದ ಫೋಟೊವನ್ನು ನಂಬಿ ಕೆಲಸ ಶುರುಮಾಡಬೇಡಿ. ಮೂಲ ಕಡತವನ್ನೇ ಇಳಿಸಿಕೊಳ್ಳಿ.

ಗಡಿ ವಿವರಣೆ ಮಲಯಾಳದಲ್ಲಿರುತ್ತದೆ, ದಿಕ್ಕು ದಿಕ್ಕಾಗಿ ಬರೆದಿರುತ್ತಾರೆ. ವಡಕ್ಕ್ ಅಂದರೆ ಉತ್ತರ, ತೆಕ್ಕ್ ದಕ್ಷಿಣ, ಕಿಳಕ್ಕ್ ಪೂರ್ವ, ಪಡಿಞ್ಞಾರ್ ಪಶ್ಚಿಮ. ತೋಡು, ಪುಳ ಅಂದರೆ ಹಳ್ಳ, ಹೊಳೆ. ಇಡವಳಿ ಅಂದರೆ ಓಣಿ. ಮಲಯಾಳ ಓದುವವರು ಒಂದೊಂದು ಸಾಲು ಓದಲಿ, ನೀವು ನಕ್ಷೆಯ ಮೇಲೆ ಪೆನ್ನು ಸರಿಸುತ್ತಾ ಹೋಗಿ. ಬರಹ ಹೇಳುವ ಗಡಿಗೂ ನಕ್ಷೆಯ ಗೆರೆಗೂ ಹೊಂದದ ಜಾಗ ಸಿಕ್ಕರೆ ಗುರುತು ಹಾಕಿ. ನಿಮ್ಮ ಅರ್ಜಿಯ ಅತ್ಯಂತ ಗಟ್ಟಿ ಅಂಶ ಅದೇ ಆಗಬಹುದು. ಯಾಕೆಂದರೆ ಅದರಲ್ಲಿ ಅಭಿಪ್ರಾಯದ ಮಾತೇ ಇಲ್ಲ, ತಪ್ಪು ಕಣ್ಣಿಗೇ ಕಾಣುತ್ತದೆ.

ಕರಡು ಓದುವಾಗ ಈ ಅಪಾಯದ ಗುರುತುಗಳನ್ನು ಹುಡುಕಿ:

- ರಸ್ತೆ, ತೋಡು, ರೈಲು ಹಳಿ ಯಾವುದೂ ಇಲ್ಲದ ಕಡೆ ಮನೆಗಳ ನಡುವೆ ಹಾದುಹೋದ ಗೆರೆ.
- ವಾರ್ಡಿನ ಒಂದು ತುಂಡು ತೆಳ್ಳಗಿನ ಕುತ್ತಿಗೆಯಷ್ಟೇ ಜಾಗದಿಂದ ಉಳಿದ ಭಾಗಕ್ಕೆ ಅಂಟಿಕೊಂಡಿರುವುದು.
- ಎರಡು ವಾರ್ಡಿನ ವಿವರಣೆಯಲ್ಲೂ ಬಾರದ ಅಥವಾ ಎರಡರಲ್ಲೂ ಬಂದ ಮನೆಗಳು.
- ಹೊಳೆ, ರೈಲು ಹಳಿ ಅಥವಾ ಹೆದ್ದಾರಿಯ ಆಚೆ ಬದಿಯ ನಾಲ್ಕಾರು ಮನೆಗಳನ್ನು ಈ ಬದಿಗೆ ಸೇರಿಸಿರುವುದು.
- ಅಕ್ಕಪಕ್ಕದ ಎರಡು ವಾರ್ಡಿನಲ್ಲಿ ಒಂದು ಮಿತಿಯ ತುದಿಯಲ್ಲಿ ತುಂಬಿ, ಇನ್ನೊಂದು ಮಿತಿಯ ಕೆಳಗಿನ ತುದಿಯಲ್ಲಿರುವುದು.

ಹೆದ್ದಾರಿಯ ವಿಷಯ ನಮ್ಮ ಜಿಲ್ಲೆಯಲ್ಲಿ ಈಗ ತುಂಬಾ ದೊಡ್ಡದು. ರಾಷ್ಟ್ರೀಯ ಹೆದ್ದಾರಿ 66 ಆರು ಪಥವಾದ ಮೇಲೆ, ಮೊದಲು ಎದುರುಬದುರು ಇದ್ದ ಮನೆಗಳ ನಡುವೆ ಗೋಡೆ ಬಂದಿದೆ. ಆಚೆ ಹೋಗಬೇಕಾದರೆ ಅಂಡರ್‌ಪಾಸ್ ಇರುವಲ್ಲಿಗೆ ಸುತ್ತಬೇಕು. ಹಳೆಯ ನಕ್ಷೆ ಇಟ್ಟುಕೊಂಡು ಗೆರೆ ಎಳೆದರೆ ಇದು ಕಾಣುವುದೇ ಇಲ್ಲ. ವಯಸ್ಸಾದವರು ಮತಗಟ್ಟೆಗೆ ನಡೆಯಬೇಕಾದ ದಾರಿ ಎಷ್ಟು ಉದ್ದವಾಯಿತು ಎನ್ನುವುದು ನಿಜವಾದ ಪ್ರಶ್ನೆ. ಅರ್ಜಿಯಲ್ಲಿ ಅದಕ್ಕೆ ಜಾಗ ಇದೆ.

## ಹಂತ 3: ಗಡಿಯ ಉದ್ದಕ್ಕೂ ನಡೆದು ನೋಡಿ

ಕಾಗದದ ಮೇಲೆ ನೋಡಿ ಬರೆದ ಅರ್ಜಿ ಮತ್ತು ನಡೆದು ಬರೆದ ಅರ್ಜಿ, ಎರಡರ ವ್ಯತ್ಯಾಸ ಒಂದೇ ಪುಟದಲ್ಲಿ ಗೊತ್ತಾಗುತ್ತದೆ. ವಿವಾದ ಇರುವ ತುಂಡನ್ನು ಬೆಳಗ್ಗೆ ಒಂದು ಸಲ ನಡೆಯಿರಿ. ಗೆರೆ ಹಾದುಹೋಗುವ ಪ್ರತಿ ತಿರುವಿನಲ್ಲಿ ನಿಂತು ಫೋಟೊ ತೆಗೆಯಿರಿ, ಫೋನಿನ ಲೊಕೇಶನ್ ಆನ್ ಇರಲಿ. ಎಡಕ್ಕೆ ಯಾವ ಮನೆ ನಂಬರ್, ಬಲಕ್ಕೆ ಯಾವ ಮನೆ ನಂಬರ್ ಎಂದು ಬರೆದುಕೊಳ್ಳಿ.

ಮನೆ ಎಣಿಸುವಾಗ ಎಚ್ಚರ. ಅಂಗಡಿ, ಗೋದಾಮು, ಕ್ಲಿನಿಕ್ ವಾಸದ ಮನೆಯಲ್ಲ. ಫ್ಲ್ಯಾಟಿನಲ್ಲಿ ಪ್ರತಿ ಬಾಗಿಲಿಗೂ ಬೇರೆ ನಂಬರ್ ಇರುತ್ತದೆ, ಕಟ್ಟಡ ಒಂದೇ ಎಂದು ಒಂದಾಗಿ ಎಣಿಸಬೇಡಿ. ಅನುಮತಿ ಇಲ್ಲದೆ ಕಟ್ಟಿದ ಮನೆಗಳಿಗೆ ಯುಎ ಎಂದು ಶುರುವಾಗುವ ನಂಬರ್ ಇರುತ್ತದೆ. ಅಲ್ಲೂ ಜನ ಇದ್ದಾರೆ, ಬಿಡಬೇಡಿ. ಗಲ್ಫಿನಲ್ಲಿರುವವರ ಬೀಗ ಹಾಕಿದ ಮನೆಗಳನ್ನು ಬೇರೆ ಗುರುತಿನಲ್ಲಿ ಬರೆಯಿರಿ, ಆಮೇಲೆ ಯಾರಾದರೂ ಕೇಳಿದರೆ ಉತ್ತರ ಇರಲಿ.

## ಹಂತ 4: ಲೆಕ್ಕ ಹಾಕಿ

ಇಲ್ಲಿ ಸ್ವಲ್ಪ ನಿಧಾನ ಮಾಡಿ, ಯಾಕೆಂದರೆ ಅರ್ಜಿಯ ಜೀವ ಇರುವುದು ಇಲ್ಲೇ.

ನಗರಸಭೆಯ ಒಟ್ಟು ಜನಸಂಖ್ಯೆಯನ್ನು ವಾರ್ಡಿನ ಸಂಖ್ಯೆಯಿಂದ ಭಾಗಿಸಿ. ಬರುವುದು ಒಂದು ವಾರ್ಡಿನ ಸರಾಸರಿ. ಇದರಿಂದ ಶೇಕಡ 10ರಷ್ಟು ಮೇಲೆ ಅಥವಾ ಕೆಳಗೆ ಹೋಗಲು ಅವಕಾಶ ಇದೆ. ಕಾಸರಗೋಡು ನಗರಸಭೆಯ 2011ರ ಜನಸಂಖ್ಯೆ 54,172. ಇದನ್ನು 39ರಿಂದ ಭಾಗಿಸಿದರೆ 1,389. ಶೇಕಡ 10 ಅಂದರೆ ಸುಮಾರು 139. ಅಂದರೆ ಒಂದು ವಾರ್ಡಿನಲ್ಲಿ 1,250ರಿಂದ 1,528 ಜನ ಇದ್ದರೆ ಅದು ಮಿತಿಯೊಳಗೆ.

ಜನಗಣತಿ ಹಳೆಯದು, ವಾರ್ಡ್ ಹೊಸದು. ಹಾಗಾಗಿ ಜನಸಂಖ್ಯೆಯನ್ನು ಮನೆಯ ಮೂಲಕ ಹಂಚುತ್ತಾರೆ. ಒಟ್ಟು ಜನಸಂಖ್ಯೆಯನ್ನು ಒಟ್ಟು ಮನೆಗಳಿಂದ ಭಾಗಿಸಿ, ಮನೆಗೆ ಸರಾಸರಿ ಇಷ್ಟು ಜನ ಎಂದು ತೆಗೆದು, ಅದರಿಂದ ವಾರ್ಡಿನ ಮನೆಗಳನ್ನು ಗುಣಿಸುತ್ತಾರೆ. ಉದಾಹರಣೆಗೆ ಮನೆಗೆ 4.6 ಜನ ಎಂದು ಇಟ್ಟುಕೊಳ್ಳೋಣ. ನಿಮ್ಮ ಊರಿನ ನಿಜವಾದ ಅಂಕಿಯನ್ನು ಹಂತ 1ರ ಉತ್ತರದಿಂದ ತೆಗೆದುಕೊಳ್ಳಿ. ಆಗ ಮಿತಿ 272ರಿಂದ 332 ಮನೆ.

ಈಗ ಕರಡಿನಲ್ಲಿ ನಿಮ್ಮ ವಾರ್ಡಿಗೆ 345 ಮನೆ ಬಿದ್ದಿದೆ ಎಂದುಕೊಳ್ಳಿ. 345ನ್ನು 4.6ರಿಂದ ಗುಣಿಸಿದರೆ 1,587. ಸರಾಸರಿಗಿಂತ ಶೇಕಡ 14 ಜಾಸ್ತಿ. ಪಕ್ಕದ ವಾರ್ಡಿನಲ್ಲಿ 280 ಮನೆ, ಅಂದರೆ 1,288 ಜನ. ನಿಮ್ಮ ಆಕ್ಷೇಪಣೆಯ ಮೊದಲ ವಾಕ್ಯ ಇಲ್ಲೇ ಸಿಕ್ಕಿತು: ಕರಡಿನ ಗಡಿ ಆಯೋಗವೇ ಹಾಕಿದ ಮಿತಿಯನ್ನು ಮೀರಿದೆ.

ಬಹಳ ಜನ ಮಾಡುವ ತಪ್ಪು ಒಂದಿದೆ. ಮತದಾರರ ಪಟ್ಟಿಯಲ್ಲಿರುವ ಹೆಸರುಗಳನ್ನು ಎಣಿಸಿ ಲೆಕ್ಕ ತೋರಿಸುತ್ತಾರೆ. ವಾರ್ಡ್ ಹಂಚಿಕೆ ಜನಸಂಖ್ಯೆಯ ಮೇಲೆ, ಮತದಾರರ ಸಂಖ್ಯೆಯ ಮೇಲಲ್ಲ. ಮಕ್ಕಳೂ ಲೆಕ್ಕಕ್ಕೆ ಬರುತ್ತಾರೆ. ಮತದಾರರ ಅಂಕಿ ಇಟ್ಟು ವಾದಿಸಿದರೆ ಒಂದೇ ಸಾಲಿನಲ್ಲಿ ಅರ್ಜಿ ತಳ್ಳಿಹಾಕಬಹುದು.

## ಹಂತ 5: ಬದಲಿ ಗೆರೆ ಎಳೆಯಿರಿ, ಪಕ್ಕದವರ ಹತ್ತಿರ ಮಾತಾಡಿ

ತಪ್ಪು ತೋರಿಸಿದರೆ ಸಾಲದು. ಸರಿ ಗೆರೆಯನ್ನು ನೀವೇ ಕೊಡಿ. ಮೇಲಿನ ಉದಾಹರಣೆಯಲ್ಲೇ ನೋಡಿ. ನಿಮ್ಮ ವಾರ್ಡಿನ ಪೂರ್ವ ತುದಿಯಲ್ಲಿ ಒಂದು ತೋಡು ಇದೆ, ತೋಡಿನ ಆಚೆ 27 ಮನೆ ಇದೆ ಎಂದುಕೊಳ್ಳಿ. ಆ 27 ಮನೆ ಪಕ್ಕದ ವಾರ್ಡಿಗೆ ಹೋದರೆ ನಿಮ್ಮಲ್ಲಿ ಉಳಿಯುವುದು 318 ಮನೆ, 1,463 ಜನ. ಪಕ್ಕದಲ್ಲಿ 307 ಮನೆ, 1,412 ಜನ. ಎರಡೂ ಮಿತಿಯೊಳಗೆ. ಗಡಿಯೂ ಕಣ್ಣಿಗೆ ಕಾಣುವ ತೋಡಿನ ಮೇಲೆ ಬಂತು.

ಬೀಳುವ ಅರ್ಜಿಗಳೆಲ್ಲ ಈ ಎರಡನೇ ಅರ್ಧವನ್ನು ಬಿಟ್ಟಿರುತ್ತವೆ. ನಿಮ್ಮ ವಾರ್ಡ್ ಸರಿಯಾಗಿ, ಪಕ್ಕದ್ದು ಮಿತಿ ಮೀರಿದರೆ ಆಯೋಗ ಒಪ್ಪುವುದಿಲ್ಲ. ಒಂದು ಗೆರೆ ಸರಿಸಿದಾಗ ಮೂರನೇ ವಾರ್ಡಿಗೂ ತಾಗುತ್ತದೆಯಾ ಎಂದು ನೋಡಿ. ತಾಗಿದರೆ ಮೂರೂ ವಾರ್ಡಿನ ಲೆಕ್ಕ ಕೊಡಿ. ನನ್ನ ಅಭಿಪ್ರಾಯದಲ್ಲಿ, ಎರಡು ವಾರ್ಡಿಗಿಂತ ಜಾಸ್ತಿ ಕಲಕುವ ಬದಲಾವಣೆಯನ್ನು ಕೇಳದಿರುವುದೇ ಒಳ್ಳೆಯದು. ಚಿಕ್ಕ ಬದಲಾವಣೆ, ಗಟ್ಟಿ ಕಾರಣ. ಅದಕ್ಕೆ ಒಪ್ಪುವುದು ಆಯೋಗಕ್ಕೂ ಸುಲಭ.

ಅರ್ಜಿ ಕೊಡುವ ಮೊದಲು ಆ 27 ಮನೆಯವರ ಹತ್ತಿರ ಹೋಗಿ ಮಾತಾಡಿ. ಅವರಿಗೆ ಗೊತ್ತಿಲ್ಲದೆ ಅವರನ್ನು ಅತ್ತ ತಳ್ಳುವುದು ಸರಿಯಲ್ಲ, ಅಲ್ವಾ? ಅಲ್ಲದೆ ಅವರು ಅಹವಾಲಿನ ದಿನ ಬಂದು "ನಮಗೆ ಇದು ಬೇಡ" ಎಂದರೆ ನಿಮ್ಮ ಕೆಲಸ ಅಲ್ಲಿಗೇ ಮುಗಿಯಿತು. ಅವರೂ ಒಪ್ಪಿ ಸಹಿ ಹಾಕಿದರೆ ಅದಕ್ಕಿಂತ ದೊಡ್ಡ ಬಲ ಇಲ್ಲ.

## ಹಂತ 6: ಅರ್ಜಿ ಬರೆಯಿರಿ

ಎರಡು ಪುಟ ಸಾಕು. ಕನ್ನಡದಲ್ಲೇ ಬರೆಯಬಹುದು. ಸಂವಿಧಾನದ 350ನೇ ವಿಧಿ, ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕು ಕೊಟ್ಟಿದೆ. 1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆಯೂ ಇಲ್ಲಿನ ಕನ್ನಡ ಅಲ್ಪಸಂಖ್ಯಾತರು ಸರ್ಕಾರದೊಂದಿಗೆ ಕನ್ನಡದಲ್ಲಿ ವ್ಯವಹರಿಸಬಹುದು ಎನ್ನುತ್ತದೆ. ಕನ್ನಡದ ಅರ್ಜಿ ತೆಗೆದುಕೊಳ್ಳುವುದಿಲ್ಲ ಎಂದು ಕೌಂಟರಿನಲ್ಲಿ ಯಾರಾದರೂ ಹೇಳಿದರೆ ಇದನ್ನು ಸಮಾಧಾನದಿಂದ ತೋರಿಸಿ. ಆದರೆ ನನ್ನ ಸಲಹೆ ಕೇಳಿದರೆ, ಕನ್ನಡದ ಅರ್ಜಿಯ ಜೊತೆ ಮಲಯಾಳ ಅನುವಾದವನ್ನೂ ಇಡಿ. ಹಕ್ಕು ಬಿಟ್ಟುಕೊಟ್ಟ ಹಾಗಾಗುವುದಿಲ್ಲ. ತನಿಖೆಗೆ ಬರುವ ಅಧಿಕಾರಿಗೆ ಕನ್ನಡ ಬಾರದಿದ್ದರೆ, ನಿಮ್ಮ ಲೆಕ್ಕವನ್ನು ಅವರು ಇನ್ನೊಬ್ಬರ ಬಾಯಿಂದ ಕೇಳಬೇಕಾಗುತ್ತದೆ. ಎರಡು ವಾರದ ಆಟದಲ್ಲಿ ಆ ನಷ್ಟ ಬೇಡ.

ಅರ್ಜಿಯ ತಿರುಳು ಹೀಗಿರಲಿ:

"ಕರಡು ಅಧಿಸೂಚನೆಯ ಪ್ರಕಾರ ___ನೇ ವಾರ್ಡಿನಲ್ಲಿ 345 ಮನೆಗಳಿವೆ, ಜನಸಂಖ್ಯೆ 1,587. ಇದು ಸರಾಸರಿಗಿಂತ ಶೇಕಡ 14 ಹೆಚ್ಚು. ಪೂರ್ವದ ಗಡಿಯು ___ ಓಣಿಯ ಮನೆ ನಂಬರ್ ___ ಮತ್ತು ___ರ ನಡುವೆ ಯಾವುದೇ ರಸ್ತೆ ಅಥವಾ ತೋಡು ಇಲ್ಲದ ಜಾಗದಲ್ಲಿ ಹಾದುಹೋಗಿದೆ (ಫೋಟೊ 1 ಮತ್ತು 2). ಈ ಗಡಿಯನ್ನು ___ ತೋಡಿಗೆ ಸರಿಸಬೇಕೆಂದು ಕೋರುತ್ತೇವೆ. ಹಾಗೆ ಮಾಡಿದರೆ 27 ಮನೆಗಳು ___ನೇ ವಾರ್ಡಿಗೆ ಸೇರುತ್ತವೆ. ಆಗ ಎರಡು ವಾರ್ಡುಗಳ ಜನಸಂಖ್ಯೆ ಕ್ರಮವಾಗಿ 1,463 ಮತ್ತು 1,412 ಆಗುತ್ತದೆ. ಎರಡೂ ಮಿತಿಯೊಳಗಿವೆ. ಮನೆ ನಂಬರುಗಳ ಪಟ್ಟಿ ಮತ್ತು ನಕ್ಷೆ ಲಗತ್ತಿಸಿದೆ."

ಇದರಲ್ಲಿ ಒಂದೇ ಒಂದು ಬೈಗುಳ ಇಲ್ಲ, ಪಕ್ಷದ ಹೆಸರಿಲ್ಲ. "ಆ ಪಕ್ಷಕ್ಕೆ ಲಾಭ ಮಾಡಲು ಹೀಗೆ ಮಾಡಿದ್ದಾರೆ" ಎಂದು ಬರೆಯುವ ಆಸೆ ಎಲ್ಲರಿಗೂ ಇರುತ್ತದೆ. ಅದು ನಿಜವೇ ಆಗಿರಬಹುದು. ಆದರೆ ಅದನ್ನು ಸಾಬೀತು ಮಾಡಬೇಕಾದ ಭಾರ ನಿಮ್ಮ ತಲೆ ಮೇಲೆ ಬೀಳುತ್ತದೆ, 345 ಎಂಬ ಅಂಕಿಗೆ ಆ ಭಾರ ಇಲ್ಲ. ಜಾತಿ, ಧರ್ಮದ ಲೆಕ್ಕವನ್ನಂತೂ ತರಲೇಬೇಡಿ.

ವಾರ್ಡಿನ ಹೆಸರು ತಪ್ಪಾಗಿದ್ದರೆ, ಊರಿನವರು ಕರೆಯುವ ಹೆಸರು ಬಿಟ್ಟು ಬೇರೆ ಬಂದಿದ್ದರೆ, ಅದನ್ನು ಬೇರೆಯದೇ ಒಂದು ಅರ್ಜಿಯಲ್ಲಿ ಕೇಳಿ. ಗಡಿಯ ಅರ್ಜಿಗೆ ಬೆರೆಸಬೇಡಿ. ಮೀಸಲಾತಿಯ ವಿಷಯವೂ ಅಷ್ಟೇ. ಮಹಿಳೆಯರಿಗೆ ಶೇಕಡ 50 ಮತ್ತು ಪರಿಶಿಷ್ಟರ ವಾರ್ಡುಗಳನ್ನು ಗಡಿ ಅಂತಿಮವಾದ ಮೇಲೆ ಬೇರೆ ಪ್ರಕ್ರಿಯೆಯಲ್ಲಿ ನಿಗದಿ ಮಾಡುತ್ತಾರೆ. ಅದನ್ನು ಇಲ್ಲಿ ಎತ್ತಿದರೆ ನಿಮ್ಮ ನಿಜವಾದ ಉದ್ದೇಶ ಬೇರೆ ಎಂಬ ಸಂಶಯ ಬರುತ್ತದೆ.

## ಹಂತ 7: ಸಲ್ಲಿಸಿ, ರಶೀದಿ ತೆಗೆದುಕೊಳ್ಳಿ

ಹಿಂದಿನ ಸಲ ಅರ್ಜಿಯನ್ನು ಆಯೋಗದ ಕಾರ್ಯದರ್ಶಿಗೆ ಅಥವಾ ಜಿಲ್ಲಾಧಿಕಾರಿಗೆ ನೇರವಾಗಿ ಇಲ್ಲವೇ ರಿಜಿಸ್ಟರ್ಡ್ ಅಂಚೆಯಲ್ಲಿ ಕೊಡಬೇಕಿತ್ತು. ಕೌನ್ಸಿಲರ್ ಕೈಗೆ ಕೊಟ್ಟು "ನೋಡ್ಕೊಳ್ಳಿ" ಎಂದರೆ ಅದು ಸಲ್ಲಿಸಿದ ಹಾಗಲ್ಲ. ನಗರಸಭೆಯ ಕೌಂಟರಿನಲ್ಲಿ ಬಿಟ್ಟುಬಂದರೂ ಅಲ್ಲ. ಕರಡಿನ ಮೊದಲ ಪುಟದಲ್ಲೇ ಯಾರಿಗೆ, ಹೇಗೆ, ಎಂದಿನೊಳಗೆ ಎಂದು ಬರೆದಿರುತ್ತದೆ. ಅದನ್ನು ಅಕ್ಷರಶಃ ಪಾಲಿಸಿ.

ವಿದ್ಯಾನಗರಕ್ಕೆ ಹೋಗಿ ಕಲೆಕ್ಟರೇಟಿನಲ್ಲೇ ಕೊಡುವುದು ಒಳ್ಳೆಯದು. ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ನಂಬರ್ ಹಾಕಿಸಿಕೊಳ್ಳಿ. ಆ ಸೀಲಿಲ್ಲದೆ ಮುಂದೆ ಅಹವಾಲಿನಲ್ಲೂ ಕೋರ್ಟಿನಲ್ಲೂ ನೀವು ಆಕ್ಷೇಪಿಸಿದ್ದೀರಿ ಎಂದು ಹೇಳಲು ಕಷ್ಟ. ಕೊನೆಯ ದಿನಕ್ಕೆ ಕಾಯಬೇಡಿ.

## ಹಂತ 8: ತನಿಖೆ ಮತ್ತು ಅಹವಾಲು

ಅರ್ಜಿ ಕೊಟ್ಟ ಮೇಲೆ ಒಬ್ಬ ತನಿಖಾಧಿಕಾರಿ ಸ್ಥಳಕ್ಕೆ ಬಂದು ವರದಿ ಕೊಡುತ್ತಾರೆ. ಅಹವಾಲಿನಲ್ಲಿ ಆಯೋಗದ ಮುಂದಿರುವುದು ಈ ವರದಿಯೇ. ಹಾಗಾಗಿ ಅಹವಾಲಿಗಿಂತ ತನಿಖೆಯ ದಿನವೇ ಮುಖ್ಯ ಎಂದು ನಾನು ಹೇಳುತ್ತೇನೆ. ಅರ್ಜಿಯಲ್ಲಿ ಫೋನ್ ನಂಬರ್ ದೊಡ್ಡದಾಗಿ ಬರೆಯಿರಿ. ಅಧಿಕಾರಿ ಬಂದಾಗ ಗೆರೆಯ ಜಾಗಕ್ಕೆ ಕರೆದುಕೊಂಡು ಹೋಗಿ, ತೋಡು ತೋರಿಸಿ, ಮನೆ ನಂಬರಿನ ಪಟ್ಟಿಯ ಒಂದು ಪ್ರತಿ ಕೈಗೆ ಕೊಡಿ. ಐವತ್ತು ಜನ ಸುತ್ತುವರಿದು ಗಲಾಟೆ ಮಾಡಿದರೆ ಅವರು ಬೇಗ ಹೊರಟುಬಿಡುತ್ತಾರೆ, ನೋಡಬೇಕಾದದ್ದು ಉಳಿದುಹೋಗುತ್ತದೆ.

ಅಹವಾಲು ಜಿಲ್ಲೆಯಲ್ಲೇ ನಡೆಯುತ್ತದೆ. ಅರ್ಜಿ ಕೊಟ್ಟವರಿಗೆ ಮಾತ್ರ ಮಾತಾಡಲು ಅವಕಾಶ. ತುಂಬಾ ಜನ ಸೇರಿ ಸಹಿ ಹಾಕಿದ ಅರ್ಜಿಯಾದರೆ ಒಬ್ಬ ಪ್ರತಿನಿಧಿ ಮಾತ್ರ. ಆ ಒಬ್ಬರು ಯಾರು ಎಂದು ಮೊದಲೇ ತೀರ್ಮಾನಿಸಿ. ಊರಿನ ದೊಡ್ಡವರು ಎಂದು ಲೆಕ್ಕ ಗೊತ್ತಿಲ್ಲದವರನ್ನು ಕಳಿಸಬೇಡಿ. ಗಡಿ ನಡೆದವರೇ ಹೋಗಲಿ. ಒಂದೇ ದಿನ ಬಹಳಷ್ಟು ಅರ್ಜಿ ಇರುವುದರಿಂದ ನಿಮಗೆ ಸಿಗುವುದು ಕೆಲವೇ ನಿಮಿಷ. ನಕ್ಷೆ ಬಿಡಿಸಿ ಇಟ್ಟು ಮೂರು ಮಾತು ಹೇಳಿ: ಈಗಿನ ಲೆಕ್ಕ, ನಮ್ಮ ಗೆರೆ, ಹೊಸ ಲೆಕ್ಕ. ತನಿಖಾ ವರದಿಯಲ್ಲಿ ತಪ್ಪು ಇದೆ ಎಂದು ಗೊತ್ತಾದರೆ ಅಲ್ಲೇ ಹೇಳಿ, ಬರಹದಲ್ಲೂ ಕೊಟ್ಟು ಬನ್ನಿ.

## ಹಂತ 9: ಕೋರ್ಟಿಗೆ ಹೋಗಬೇಕೇ?

ಅಂತಿಮ ಅಧಿಸೂಚನೆ ಬಂದ ಮೇಲೆ "ಕೋರ್ಟಿದೆಯಲ್ಲ" ಎಂದು ನಂಬಿ ಕೂತವರು ನಿರಾಶರಾಗುತ್ತಾರೆ. ಸಂವಿಧಾನದ 243-ಒ ಮತ್ತು 243-ಝಡ್‌ಜಿ ವಿಧಿಗಳು ಪಂಚಾಯತು, ನಗರಸಭೆಗಳ ಕ್ಷೇತ್ರ ವಿಂಗಡಣೆಯ ಕಾನೂನನ್ನು ಕೋರ್ಟಿನಲ್ಲಿ ಪ್ರಶ್ನಿಸುವುದನ್ನು ತಡೆಯುತ್ತವೆ. ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ಕ್ಷೇತ್ರ ವಿಂಗಡಣೆಯ ಆದೇಶ ಮೇಲ್ನೋಟಕ್ಕೇ ನಿರಂಕುಶವಾಗಿದ್ದು ಸಂವಿಧಾನದ ಮೌಲ್ಯಗಳಿಗೆ ವಿರುದ್ಧವಾಗಿದ್ದರೆ ಕೋರ್ಟ್ ಪರಿಶೀಲಿಸಬಹುದು ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಗುಜರಾತಿನ ಒಂದು ಪ್ರಕರಣದಲ್ಲಿ ಹೇಳಿದೆ.

ಇದರ ಅರ್ಥ ಇಷ್ಟು. ಕರಡು ಪ್ರಕಟಿಸಲೇ ಇಲ್ಲ, ಆಕ್ಷೇಪಣೆಗೆ ಅವಕಾಶ ಕೊಡಲಿಲ್ಲ, ಅರ್ಜಿ ಕೊಟ್ಟರೂ ಅಹವಾಲಿಗೆ ಕರೆಯಲಿಲ್ಲ, ಆಯೋಗ ತನ್ನದೇ ಮಿತಿಯನ್ನು ಕಾರಣ ಕೊಡದೆ ಮೀರಿತು ಎಂಬಂಥ ವಾದಕ್ಕೆ ಜಾಗ ಇದೆ. "ನಮ್ಮ ಗೆರೆ ಇದಕ್ಕಿಂತ ಚೆನ್ನಾಗಿತ್ತು" ಎಂಬ ವಾದಕ್ಕೆ ಇಲ್ಲ.

ನಮ್ಮ ಜಿಲ್ಲೆಯದೇ ಉದಾಹರಣೆ ಪಡನ್ನ ಗ್ರಾಮ ಪಂಚಾಯತು. 2011ರ ಜನಗಣತಿಯ ಮೇಲೆ ಒಮ್ಮೆ ವಿಂಗಡಣೆ ಆಗಿದೆ, ಅದೇ ಅಂಕಿಯಲ್ಲಿ ಮತ್ತೆ ಮಾಡುವುದು ಸರಿಯಲ್ಲ ಎಂಬ ವಾದದ ಮೇಲೆ ಪಡನ್ನ ಮತ್ತು ಕೆಲವು ನಗರಸಭೆಗಳ ವಿಂಗಡಣೆಯನ್ನು ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ 2024ರ ಡಿಸೆಂಬರಿನಲ್ಲಿ ರದ್ದು ಮಾಡಿತು. 2025ರಲ್ಲಿ ವಿಭಾಗೀಯ ಪೀಠ ಆ ತೀರ್ಪನ್ನು ತಳ್ಳಿಹಾಕಿತು. ಗೆದ್ದ ಪ್ರಕರಣವೂ ತಿಂಗಳುಗಳಲ್ಲೇ ತಿರುಗಬಹುದು ಎಂದು ಇದರಿಂದ ಗೊತ್ತಾಗುತ್ತದೆ.

ಹೋಗುವುದೇ ಆದರೆ ತಡಮಾಡಬೇಡಿ. ಚುನಾವಣೆ ಘೋಷಣೆಯಾದ ಮೇಲೆ ಕೋರ್ಟುಗಳು ಸಾಮಾನ್ಯವಾಗಿ ಕೈಹಾಕುವುದಿಲ್ಲ. ರಿಟ್ ಅರ್ಜಿ ಹಾಕಬೇಕಾದದ್ದು ಎರ್ನಾಕುಳಂನ ಹೈಕೋರ್ಟಿನಲ್ಲಿ, ಇಲ್ಲಿ ಪೀಠ ಇಲ್ಲ. ವಕೀಲರಿಗೆ ಕೊಡಬೇಕಾದ ಕಾಗದ: ಸೀಲು ಹಾಕಿದ ಆಕ್ಷೇಪಣೆ, ಅಹವಾಲಿನ ನೋಟಿಸು, ಕರಡು ಮತ್ತು ಅಂತಿಮ ಅಧಿಸೂಚನೆ, ಮಾಹಿತಿ ಹಕ್ಕಿನ ಉತ್ತರ. ಖರ್ಚಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ. ಮಹಿಳೆಯರು ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ಅರ್ಜಿದಾರರನ್ನು ಆರಿಸುವಾಗ ಇದನ್ನೂ ಯೋಚಿಸಿ.

## ಹಂತ 10: ಗಡಿ ಉಳಿದರೂ ಹೆಸರು ಕಳೆದುಕೊಳ್ಳಬೇಡಿ

ಅಂತಿಮ ಅಧಿಸೂಚನೆಯ ನಂತರ ಮತದಾರರ ಪಟ್ಟಿಯನ್ನು ಹೊಸ ವಾರ್ಡಿಗೆ ತಕ್ಕ ಹಾಗೆ ಜೋಡಿಸುತ್ತಾರೆ. ಗೆರೆಯ ಅಂಚಿನಲ್ಲಿರುವ ಮನೆಗಳು ತಪ್ಪು ವಾರ್ಡಿಗೆ ಬೀಳುವುದು ಈಗಲೇ. ಕೆಲವೊಮ್ಮೆ ಗಂಡನ ಹೆಸರು ಒಂದರಲ್ಲಿ, ಹೆಂಡತಿಯದು ಇನ್ನೊಂದರಲ್ಲಿ ಇರುತ್ತದೆ. ಸ್ಥಳೀಯ ಸಂಸ್ಥೆಗಳ ಮತದಾರರ ಪಟ್ಟಿ ವಿಧಾನಸಭೆಯ ಪಟ್ಟಿಗಿಂತ ಬೇರೆ. ಒಂದರಲ್ಲಿ ಹೆಸರಿದೆ ಎಂದು ಇನ್ನೊಂದರಲ್ಲಿ ಇರಲೇಬೇಕೆಂದಿಲ್ಲ.

ಕರಡು ಪಟ್ಟಿ ಬಂದಾಗ ರಾಜ್ಯ ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಮನೆಯ ಎಲ್ಲರ ಹೆಸರು ನೋಡಿ. ಹೆಸರು ಸೇರಿಸಲು ಫಾರಂ 4, ತಪ್ಪು ತಿದ್ದಲು ಫಾರಂ 6, ವಾರ್ಡ್ ಬದಲಿಸಲು ಫಾರಂ 7. ಹೆಸರು ತೆಗೆಯುವ ಆಕ್ಷೇಪಣೆ ಫಾರಂ 5. ನಿಮ್ಮ ಓಣಿಯ ಮೇಲೆ ಫಾರಂ 5ರ ರಾಶಿ ಬಿದ್ದಿದ್ದರೆ ನೋಟಿಸು ಬಂದ ದಿನ ತಪ್ಪದೆ ಹಾಜರಾಗಿ. ಹಾಜರಾಗದಿದ್ದರೆ ಹೆಸರು ಹೋಗಬಹುದು.

## ಈಗ, ಚುನಾವಣೆ ಇಲ್ಲದ ಹೊತ್ತಿನಲ್ಲಿ ಮಾಡಬೇಕಾದದ್ದು

2025ರ ಡಿಸೆಂಬರಿನಲ್ಲಿ ಹೊಸ ವಾರ್ಡುಗಳಲ್ಲಿ ಮತದಾನ ಆಯಿತು. ಈಗ ಜನಗಣತಿ. ಮನೆಪಟ್ಟಿ ಮಾಡುವ ಹಂತ 2026ರಲ್ಲಿ, ಜನರ ಎಣಿಕೆ 2027ರ ಫೆಬ್ರವರಿಯಲ್ಲಿ. ಜನಗಣತಿಗಾಗಿ ಆಡಳಿತ ಗಡಿಗಳನ್ನು 2025ರ ಡಿಸೆಂಬರ್ 31ಕ್ಕೆ ಇದ್ದ ಹಾಗೇ ಬದಲಿಸದೆ ಇಟ್ಟಿದ್ದಾರೆ. ಹೊಸ ಅಂಕಿ ಬಂದ ಮೇಲೆ ವಾರ್ಡ್ ಗಡಿ ಮತ್ತೆ ಮೇಜಿಗೆ ಬರುವುದು ಬಹುತೇಕ ಖಚಿತ. ಈ ಸಲ ಎಣಿಕೆಯಲ್ಲಿ ಬಿಟ್ಟುಹೋದ ಮನೆ ಮುಂದಿನ ಹತ್ತಾರು ವರ್ಷ ಲೆಕ್ಕಕ್ಕೇ ಸಿಗುವುದಿಲ್ಲ.

ಹಾಗಾಗಿ ಮೂರು ಕೆಲಸ ಈಗಲೇ ಆಗಲಿ. ನಂಬರ್ ಇಲ್ಲದ ಮನೆಗೆ ನಗರಸಭೆಯಿಂದ ಅಥವಾ ಪಂಚಾಯತಿನಿಂದ ನಂಬರ್ ಹಾಕಿಸಿ. ಗಣತಿದಾರರು ಬಂದಾಗ ಓಣಿಯ ಕೊನೆಯ ಮನೆಯವರೆಗೂ ಹೋದರೇ ಎಂದು ವಾರ್ಡ್ ಸಭೆಯಲ್ಲಿ ಕೇಳಿ, ಸಭೆಯ ನಡಾವಳಿಯಲ್ಲಿ ಬರೆಸಿ. 2025ರ ಅಂತಿಮ ಅಧಿಸೂಚನೆಯ ನಿಮ್ಮ ವಾರ್ಡಿನ ಪುಟ ಮತ್ತು ನಕ್ಷೆಯನ್ನು ಮುದ್ರಿಸಿ, ಪಕ್ಕದ ಎರಡು ವಾರ್ಡಿನದ್ದನ್ನೂ ಸೇರಿಸಿ, ಊರಿನ ವಾಚನಾಲಯದಲ್ಲೋ ಕ್ಲಬ್ಬಿನಲ್ಲೋ ಒಂದು ಫೈಲಿನಲ್ಲಿ ಇಡಿ. ಮುಂದಿನ ಕರಡು ಬಂದ ದಿನ ಮೊದಲು ಬೇಕಾಗುವ ಕಾಗದ ಅದೇ.